ಕಪಿಲೆಯ ದಂಡೆಯಲ್ಲಿ ಓದುವ ಮನೆ

‘ಮೇಷ್ಟ್ರೇ, ಹೆಣ್ಣುಮಗಳನ್ನ ಹಾಸ್ಟೆಲಿನಲ್ಲಿ ಬಿಟ್ಟು ಓದಿಸಬಹುದಾ?’ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಪರಿಚಯದ ರೈತರೊಬ್ಬರು ಕೇಳಿದರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ವಿಜ್ಞಾನ ಓದುವ ಆಸೆ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ಹೊತ್ತು ಸುತ್ತೂರಿನ ಬಸ್ಸು ಹತ್ತಿದೆ.

ಶ್ರೀಕಂಠೇಶ್ವರನ ಸನ್ನಿಧಿ ದಾಟಿದ ಕಪಿಲೆ, ತಿರುಮಕೂಡಲಿಗೆ ಹೋಗುವ ಹಾದಿಯಲ್ಲಿ ಸುತ್ತೂರನ್ನು ಬಳಸಿ ಹರಿಯುತ್ತಾಳೆ. ಇಲ್ಲಿನ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) ಮೊದಲು ಆರಂಭಿಸಿದ್ದು ಕಾಲೇಜನ್ನಲ್ಲ. ಮೈಸೂರಿಗೆ ಓದಲು ಬರುವ ಹಳ್ಳಿಯ ಹುಡುಗರಿಗೆ ಊಟ, ವಸತಿ. ಅವರ ಹೊಟ್ಟೆ ತುಂಬಿಸಲು ಸ್ವಾಮಿಗಳು ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಈ ಭಾಗದ ಹಿರಿಯರು ಹೇಳುತ್ತಾರೆ. ಜೆಎಸ್ಎಸ್ ಮಹಾವಿದ್ಯಾಪೀಠ ಹುಟ್ಟಿದ್ದು ಆಮೇಲೆ, 1954ರಲ್ಲಿ. ಇಂದು ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಹೊರರಾಜ್ಯಗಳ ಮಕ್ಕಳೂ ನಮ್ಮ ಮಕ್ಕಳ ಪಕ್ಕದಲ್ಲೇ ಕುಳಿತು ಉಣ್ಣುತ್ತಾರೆ.

ಮುಂದೆ ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇಗುಲ, 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಪ್ರವಾಸಿಗರು ಶಿಲ್ಪ ನೋಡಿ ಮರಳುತ್ತಾರೆ. ಆದರೆ ಹೊಯ್ಸಳ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ್ದು ಗುಡಿಯೊಂದನ್ನೇ ಅಲ್ಲ, ಒಂದು ಅಗ್ರಹಾರವನ್ನು. ಅಗ್ರಹಾರವೆಂದರೆ ವಿದ್ವಾಂಸರು ಒಟ್ಟಿಗೆ ಬಾಳಿ ಓದಿಸುತ್ತಿದ್ದ ಊರು. ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಈ ದೋಷ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆ, ಪ್ರಯೋಗಾಲಯಗಳು ವಿಶ್ವವಿದ್ಯಾನಿಲಯದವು. ಕೋಣೆ, ಊಟ, ನಾಲ್ಕಾರು ಮಂದಿಯನ್ನು ಕೂರಿಸಿಕೊಂಡು ಹೇಳುವ ಪಾಠ ಕಾಲೇಜಿನದು. ವಿಜ್ಞಾನ, ತಂತ್ರಜ್ಞಾನಗಳಿಗೆ ಒತ್ತು ಕೊಟ್ಟು 1960ರಲ್ಲಿ ಅಲ್ಲಿ ಸ್ಥಾಪನೆಯಾದದ್ದು ಚರ್ಚಿಲ್ ಕಾಲೇಜು. ಅಷ್ಟು ಆಧುನಿಕವಾದ ಸಂಸ್ಥೆಯೂ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡದ್ದು 1972ರಲ್ಲಿ!

ಕಟ್ಟಡ, ಫಲಿತಾಂಶ ಎಲ್ಲರೂ ನೋಡುತ್ತಾರೆ. ವಸತಿ ಸಂಸ್ಥೆಯ ನಿಜವಾದ ಅಳತೆ ಬೇರೆ: ಒಳಗೆ ಯಾರ್‍ಯಾರಿಗೆ ಜಾಗವಿದೆ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಸಂಜೆ ಓದುವಾಗ ತಿಳಿಯದ್ದನ್ನು ಕೇಳಲು ಹಿರಿಯರೊಬ್ಬರು ಇರುತ್ತಾರೆಯೇ?

ಹಿಂತಿರುಗುವಾಗ ಆ ರೈತರಿಗೆ ಹೇಳಿದೆ: ‘ಬಿಡಬಹುದು ಯಜಮಾನ್ರೇ. ಆದರೆ ಮೊದಲು ಮಗಳ ಜೊತೆ ನೀವೂ ಹೋಗಿ. ಅಲ್ಲಿನ ಮಕ್ಕಳ ಜೊತೆ ಒಂದು ಹೊತ್ತು ಉಂಡು, ನಾಲ್ಕು ಮಾತಾಡಿ ಬನ್ನಿ. ಮಗಳ ಮುಖ ನೋಡಿ ತೀರ್ಮಾನ ಮಾಡಿ.’