ಬುಧವಾರ ರಾತ್ರಿಯ ಕೋರಿ ರೊಟ್ಟಿ

ಮಂಗಳೂರಿನಲ್ಲಿ ಸಂಜೆ ಆರೂವರೆಯ ಮೇಲೆ ಸಿಟಿ ಬಸ್ಸು ಹತ್ತಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕಚೇರಿ, ಅಂಗಡಿ, ಕಾಲೇಜು ಬಿಟ್ಟು ಮನೆಗೆ ಹೊರಟವರಲ್ಲಿ ಒಬ್ಬಿಬ್ಬರ ಕೈಯಲ್ಲಿ ಕೊಡೆ, ಬುತ್ತಿ ಡಬ್ಬಿಗಳ ಜೊತೆಗೆ ಅಗಲವಾದ ಒಂದು ಹಗುರ ಪೊಟ್ಟಣವಿರುತ್ತದೆ. ಎಷ್ಟೇ ನೂಕುನುಗ್ಗಲಿದ್ದರೂ ಅವರು ಅದನ್ನು ಎಳೆಮಗುವಿನಂತೆ ಎದೆಗೊತ್ತಿಕೊಂಡು, ಮೊಣಕೈ ಅಗಲಿಸಿ ನಿಂತಿರುತ್ತಾರೆ. ಒಳಗಿರುವುದು ರೊಟ್ಟಿ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯಲ್ಲ, ಮಲೆನಾಡಿನ ಅಕ್ಕಿ ರೊಟ್ಟಿಯೂ ಅಲ್ಲ. ಕುಚ್ಚಲಕ್ಕಿಯ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ, ನೀರಿನ ಪಸೆಯೆಲ್ಲ ಆರುವ ತನಕ ಕಾಯಿಸಿ ತೆಗೆದ, ಹಪ್ಪಳಕ್ಕಿಂತ ಗರಿಯಾದ ಹಾಳೆ. ಯಾರದಾದರೂ ಭುಜ ತಗುಲಿದರೆ ಸಾಕು, ಚೂರು ಚೂರು. ಅದನ್ನು ಹಿಡಿದವರ ಇನ್ನೊಂದು ಕೈಯ ಚೀಲದಲ್ಲಿ ಏನಿದೆಯೆಂದು ಕರಾವಳಿಯವರು ಕೇಳುವುದಿಲ್ಲ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ರಾತ್ರಿಯ ಊಟ ಕೋರಿ ರೊಟ್ಟಿ.

ಇಲ್ಲಿ ಕೋಳಿಗೂ ಒಂದು ಪಂಚಾಂಗವಿದೆ. ಸೋಮವಾರ ಶಿವನ ವಾರವೆಂದು ಅನೇಕ ಮನೆಗಳಲ್ಲಿ ಮೀನು ಮಾಂಸ ಇಲ್ಲ. ಗುರುವಾರವೋ ಶನಿವಾರವೋ ಬಿಡುವವರೂ ಇದ್ದಾರೆ. ಕ್ರೈಸ್ತರ ಮನೆಗಳಲ್ಲಿ ಈಸ್ಟರಿಗೆ ಮುಂಚಿನ ಕಪ್ಪು ದಿನಗಳ ಶುಕ್ರವಾರ ಮಾಂಸ ಬೇಯುವುದಿಲ್ಲ. ಭಾನುವಾರವಂತೂ ಎಲ್ಲರ ಮನೆಯಲ್ಲೂ ಪುರುಸೊತ್ತಿನ ಅಡುಗೆ, ನೆಂಟರ ಊಟ. ಹೀಗೆ ಕಳೆದು ಕಳೆದು ಕೊನೆಗೆ ಉಳಿಯುವುದು ಮಂಗಳವಾರ, ಬುಧವಾರಗಳ ರಾತ್ರಿ. ಮರುದಿನ ಕೆಲಸವಿದೆ, ಮಕ್ಕಳಿಗೆ ಪಾಠವಿದೆ, ಅಮ್ಮನೂ ಆಗಷ್ಟೇ ಹೊರಗಿನಿಂದ ಬಂದಿದ್ದಾಳೆ. ಆದರೂ ಏಳೂಕಾಲಕ್ಕೆ ಒಲೆ ಹಚ್ಚಿದರೆ ಎಂಟಕ್ಕೆ ಬಟ್ಟಲು ಮುಂದೆ ಬರುತ್ತದೆ. ಮುಕ್ಕಾಲು ಗಂಟೆಯ ಈ ಪವಾಡ ಹೇಗೆ ನಡೆಯುತ್ತದೆಂದು ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು.

ಒಂದು ಕಿಲೋ ಕೋಳಿ ನಾಲ್ಕು ಜನಕ್ಕೆ ಧಾರಾಳ. ಮೂಳೆಸಹಿತ ಮಧ್ಯಮ ಗಾತ್ರದ ತುಂಡುಗಳನ್ನು ಹೆಚ್ಚಿದ ಈರುಳ್ಳಿ, ಅರಸಿನ, ಉಪ್ಪು, ಒಂದು ಲೋಟ ನೀರಿನೊಂದಿಗೆ ಮೊದಲೇ ಒಲೆಗೇರಿಸಿ ಮುಚ್ಚಿಬಿಡುತ್ತಾರೆ. ಜಾಣತನ ಇರುವುದು ಇಲ್ಲಿಯೇ. ಮಸಾಲೆ ತಯಾರಾದ ಮೇಲೆ ಕೋಳಿ ಬೇಯಿಸೋಣ ಎಂದು ಕಾದವರಿಗೆ ಒಂಬತ್ತೂವರೆ. ಕೋಳಿ ಬೇಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ಹತ್ತು ಹನ್ನೆರಡು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಅಷ್ಟೇ ಕರಿಮೆಣಸು, ಎಣಿಸಿದಷ್ಟು ಮೆಂತೆ ಹುರಿದಾಗುತ್ತದೆ. ಬೆಳ್ಳುಳ್ಳಿ, ಚೂರು ಹುಣಿಸೆ, ಅರ್ಧ ಹೋಳು ತೆಂಗಿನತುರಿಯ ಜೊತೆ ಅದು ಮಿಕ್ಸಿಗೆ ಹೋಗುತ್ತದೆ. ಕೋಳಿ ಅರೆಬೆಂದಾಗ ಮಸಾಲೆ ಸುರಿದು ಇನ್ನೊಂದು ಹತ್ತು ಹನ್ನೆರಡು ನಿಮಿಷ ಕುದಿಸಬೇಕು. ಕೊನೆಗೆ ದಪ್ಪ ತೆಂಗಿನ ಹಾಲು. ಅದನ್ನು ಹಾಕಿದ ಮೇಲೆ ಕೊತಕೊತ ಕುದಿಸಬಾರದು, ಒಡೆಯುತ್ತದೆ. ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆ ಬಿದ್ದರೆ ಗಸಿ ಸಿದ್ಧ.

ಈ ಗಸಿ ನೀರು ನೀರಾಗಿದೆಯಲ್ಲ ಎಂದು ಘಟ್ಟದ ಮೇಲಿನ ನೆಂಟರು ಮೂಗು ಮುರಿಯುವುದುಂಟು. ನೀರಾಗಿಯೇ ಇರಬೇಕು. ಬಟ್ಟಲಲ್ಲಿ ರೊಟ್ಟಿ ಮುರಿದು ಹಾಕಿ ಬಿಸಿ ಗಸಿ ಸುರಿದೊಡನೆ ಅದು ಬಾಯಾರಿದವರಂತೆ ಕುಡಿಯತೊಡಗುತ್ತದೆ. ಗಟ್ಟಿ ಗಸಿಯಾದರೆ ಮೇಲೆಯೇ ಕುಳಿತಿರುತ್ತದೆ. ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗಲೇ ಉಣ್ಣಬೇಕು. ಟಿ.ವಿ. ನೋಡುತ್ತ ಕೂತವರಿಗೆ ಸಿಗುವುದು ಗಂಜಿ.

ಸರಿ, ಮುಕ್ಕಾಲು ಗಂಟೆ. ಆದರೆ ಈ ಲೆಕ್ಕದಲ್ಲಿ ಬರೆಯದೆ ಬಿಟ್ಟದ್ದು ಬಹಳವಿದೆ. ರೊಟ್ಟಿಯನ್ನೇ ತೆಗೆದುಕೊಳ್ಳಿ. ಅಕ್ಕಿ ಗಂಟೆಗಟ್ಟಲೆ ನೆನೆಯಬೇಕು, ನುಣ್ಣಗೆ ಅರೆಯಬೇಕು, ಒಂದೊಂದೇ ಹಾಳೆಯಾಗಿ ಕಾವಲಿಗೆ ಹಚ್ಚಿ ಎಬ್ಬಿಸಬೇಕು. ಹಿಂದೆ ಇದೆಲ್ಲ ಮನೆಯಲ್ಲೇ, ಸೌದೆ ಒಲೆಯ ಹೊಗೆಯಲ್ಲಿ. ಈಗ ಬಹುಪಾಲು ಮನೆಗಳಿಗೆ ಅದು ಅಂಗಡಿಯಿಂದ ಬರುತ್ತದೆ. ಅಂಗಡಿಗೆ ಯಂತ್ರದಿಂದಲೋ, ಈಗಲೂ ಕಾವಲಿಯ ಮುಂದೆ ಬೆವರುವ ಯಾರದೋ ಕೈಯಿಂದಲೋ ಬರುತ್ತದೆ. ಗಾಳಿಯಾಡದಂತೆ ಕಟ್ಟಿಟ್ಟರೆ ವಾರಗಟ್ಟಲೆ ಕೆಡದು. ಮಳೆಗಾಲದಲ್ಲಿ ಪೊಟ್ಟಣ ಒಮ್ಮೆ ಬಿಚ್ಚಿದರೆ ಮಾತ್ರ ಮರುದಿನಕ್ಕೆ ಚರ್ಮದಂತಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನವರು ಗರಿಗರಿಯನ್ನೇ ಮೆಚ್ಚಿ ಉಣ್ಣುವುದು ಒಂದು ಸೋಜಿಗ.

ಮಸಾಲೆಯದೂ ಇದೇ ಕತೆ. ಮೇಲೆ ಹೇಳಿದ ಹುರಿಯುವ ಕೆಲಸವನ್ನೂ ಉಳಿಸುವ ಮನೆಗಳಿವೆ. ಮಾರ್ಚ್, ಏಪ್ರಿಲಿನ ಸುಡುಬಿಸಿಲಿನಲ್ಲಿ ಮೆಣಸು ಒಣಗಿಸಿ, ಹುರಿದು, ಪುಡಿ ಮಾಡಿ ಭರಣಿ ತುಂಬಿಟ್ಟರೆ ಮಳೆಗಾಲ ಕಳೆಯುವ ತನಕ ಚಿಂತೆಯಿಲ್ಲ. ಕೊಂಕಣಿ ಕ್ರೈಸ್ತರ ಮನೆಯ ಬಫಾತ್ ಪುಡಿಯೂ ಕುಂದಾಪುರದ ಕಡೆಯ ಮಸಾಲೆ ಪುಡಿಯೂ ಹೀಗೆ ಕೂಡಿಟ್ಟ ಬಿಸಿಲೇ. ಖಾರಕ್ಕಿಂತ ಕೆಂಪು ಹೆಚ್ಚು ಕೊಡುವ ಬ್ಯಾಡಗಿ ಮೆಣಸು ಬರುವುದು ಹಾವೇರಿ ಜಿಲ್ಲೆಯ ಬಯಲಿನಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಂದಹಾಗೆ ಈ ಕೆಂಪು ಕರಾವಳಿಗೆ ಅಷ್ಟೇನೂ ಹಳೆಯದಲ್ಲ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ ಇಲ್ಲಿ ಕಂಡು ಬರೆದದ್ದು ಕರಿಮೆಣಸು ಮತ್ತು ಶುಂಠಿ. ಕೆಂಪು ಮೆಣಸು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗಿನ ಕಾಲದಲ್ಲಿ ಇತ್ತ ಬಂದದ್ದು. ಅದಕ್ಕೂ ಮೊದಲು ಇಲ್ಲಿ ಬೆಂದ ಕೋಳಿಸಾರಿಗೆ ಈಗಿನ ಬಣ್ಣವಿರಲು ಸಾಧ್ಯವೇ ಇಲ್ಲ.

ಇನ್ನು ಕೋಳಿ. ಅಂಗಳದಲ್ಲಿ ಮೇಯ್ದು ಬೆಳೆದ ಊರಕೋಳಿಯನ್ನು ಮುಕ್ಕಾಲು ಗಂಟೆಯಲ್ಲಿ ಊಟಕ್ಕಿಡಲು ಯಾವ ಪಾಕಪ್ರವೀಣೆಗೂ ಆಗದು. ಮೊದಲು ಅದನ್ನು ಹಿಡಿಯಬೇಕು. ಅದೇ ಅರ್ಧ ಗಂಟೆ, ಮನೆಯ ಮಕ್ಕಳೆಲ್ಲ ಹಿತ್ತಲಲ್ಲಿ. ಆಮೇಲೆ ಗರಿ ಕಿತ್ತು, ಸುಟ್ಟು, ಕೊಯ್ದು, ಅರೆಯುವ ಕಲ್ಲಿನಲ್ಲಿ ಮಸಾಲೆ ಅರೆದು, ಗಟ್ಟಿ ಮಾಂಸ ಮೆತ್ತಗಾಗುವ ತನಕ ಒಲೆ ಊದಬೇಕು. ಅಂಥ ಕೋಳಿ ಎಂದರೆ ಒಂದು ಸಂದರ್ಭ: ದೈವದ ಕೋಲ, ಹಬ್ಬ, ಮದುವೆಯಾದ ಮಗಳು ತವರಿಗೆ ಬಂದ ದಿನ, ಹೊಸ ಅಳಿಯ. ಕೋಳಿ ಅಂಕದಲ್ಲಿ ಗೆದ್ದವನು ಸೋತ ಹುಂಜವನ್ನು ಹೊತ್ತು ತಂದರೆ ಆ ರಾತ್ರಿಯೂ ಸಂದರ್ಭವೇ. ಹಕ್ಕಿಗಳನ್ನು ಹೀಗೆ ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ವಾರದ ನಡುವಿನ ರಾತ್ರಿಗೆ ಕೋಳಿಯನ್ನು ತಂದದ್ದು ಫಾರ್ಮಿನ ಬ್ರಾಯ್ಲರ್ ಮತ್ತು ವಿದ್ಯುತ್ತಿನ ಮಿಕ್ಸಿ. ಬ್ರಾಯ್ಲರನ್ನು ನಮ್ಮ ಜನ ಬಾಯ್ಲರ್ ಎನ್ನುತ್ತಾರೆ. ಆರು ವಾರದಲ್ಲಿ ಎರಡು ಕಿಲೋ ತೂಗಿ, ಇಪ್ಪತ್ತೈದು ನಿಮಿಷದಲ್ಲಿ ಬೇಯುವ ಹಕ್ಕಿಗೆ ಆ ಹೆಸರೂ ಒಪ್ಪುತ್ತದೆ. ರುಚಿಯಲ್ಲಿ ಊರಕೋಳಿಯ ಹತ್ತಿರಕ್ಕೂ ಅದು ಸುಳಿಯದು. ಆದರೆ ದಿನವಿಡೀ ದುಡಿದು ಬಂದ ಹೆಂಗಸಿಗೆ ಅದು ಎರಡು ಗಂಟೆಯ ಬಿಡುವು ಕೊಟ್ಟಿದೆ. ರುಚಿಯ ಹೆಸರು ಹೇಳಿ ಅದನ್ನು ಹಳಿಯುವವರು ಹೆಚ್ಚಾಗಿ ಒಲೆಯ ಮುಂದೆ ನಿಂತವರಲ್ಲ.

ಕರಾವಳಿ ಶಾಲೆ ಕಾಲೇಜುಗಳ ಸೀಮೆ. ಮಣಿಪಾಲದ ವೈದ್ಯಕೀಯ ಕಾಲೇಜು 1953ರದು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು 1960ರದು. ಓದಲು ದೇಶದ ನಾನಾ ಮೂಲೆಗಳಿಂದ ಇಲ್ಲಿಗೆ ಬರುವವರಿರುವಂತೆ, ಇಲ್ಲಿಂದ ಬೆಂಗಳೂರು, ಮುಂಬಯಿಗೆ ಹೋಗುವ ಮಕ್ಕಳೂ ಇದ್ದಾರೆ. ಹೊರಡುವ ರಾತ್ರಿ ಅವರ ಚೀಲದಲ್ಲಿ ಅಮ್ಮ ಇಡುವ ಮಸಾಲೆ ಪುಡಿಯ ಬಾಟಲಿ, ಎಲ್ಲಕ್ಕಿಂತ ಮೇಲೆ ಒಡೆಯದಂತೆ ರೊಟ್ಟಿಯ ಪೊಟ್ಟಣ. ನಾಲ್ಕು ಜನ ಹುಡುಗರು ಸೇರಿ ಹಿಡಿದ ಬಾಡಿಗೆ ಕೋಣೆಯಲ್ಲಿ, ಒಂದೇ ಒಲೆ, ಒಂದೇ ಪಾತ್ರೆ ಇದ್ದರೂ ಕೋರಿ ರೊಟ್ಟಿ ಸಾಧ್ಯವಾಗುವುದು ಇವೆರಡರಿಂದ. ತೆಂಗಿನಕಾಯಿ ತುರಿಯಲು ಸೋಮಾರಿತನವಾದರೆ ತೆಂಗಿನ ಹಾಲಿನ ಪೊಟ್ಟಣ ಸಿಗುತ್ತದೆ. ಆದರೆ ಬಾಟಲಿಯ ಜೊತೆಗೆ ಅದನ್ನು ತುಂಬುವ ವಿದ್ಯೆಯನ್ನೂ ಕಳಿಸಬೇಡವೆ? ಏಪ್ರಿಲಿನ ರಜೆಯಲ್ಲಿ ಮೆಣಸು ಹುರಿಯುವಾಗ ಮಗಳನ್ನು ಕರೆಯುವ ತಾಯಂದಿರು ಮಗನನ್ನೂ ಕರೆಯಲಿ. ಆ ಘಾಟಿಗೆ ನಾಲ್ಕು ಸಲ ಸೀನಿದ ಹುಡುಗ ಮುಂದೆ ಬಾಟಲಿ ಖಾಲಿಯಾಯಿತೆಂದು ಫೋನು ಮಾಡುವ ದನಿಯೇ ಬೇರೆ ಇರುತ್ತದೆ.

ಕೋಣೆಯಲ್ಲಿ ಅಡುಗೆಗಿಳಿಯುವ ವಿದ್ಯಾರ್ಥಿಗಳಿಗೆ ಎರಡು ಮಾತು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ರಭಸದಿಂದ ತೊಳೆಯಬೇಡಿ. ಸಿಡಿದ ಹನಿಗಳೊಡನೆ ರೋಗಾಣು ಪಕ್ಕದ ಲೋಟ ತಟ್ಟೆಗೆ ಹರಡುತ್ತದೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ಮೆಲ್ಲಗೆ ತೊಳೆದು, ಆ ಪಾತ್ರೆ, ಚೂರಿ, ಕೈ, ತೊಳೆದ ಜಾಗ ಎಲ್ಲವನ್ನೂ ಸೋಪಿನಿಂದ ಉಜ್ಜಿ. ಬೆಂದಿದೆಯೋ ಇಲ್ಲವೋ ತಿಳಿಯಲು ತೊಡೆಯ ದಪ್ಪ ತುಂಡನ್ನು ಮೂಳೆಯ ತನಕ ಸೀಳಿ ನೋಡಿ. ಗುಲಾಬಿ ಬಣ್ಣವಿದ್ದರೆ ಮತ್ತೆ ಐದು ನಿಮಿಷ. ಉಳಿದ ಗಸಿಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ತೆಂಗಿನಕಾಯಿ ಹಾಕಿದ ಪದಾರ್ಥ ಸೆಕೆಗೆ ಬೆಳಗಿನೊಳಗೆ ಹಳಸುತ್ತದೆ. ಫ್ರಿಜ್ಜಿಲ್ಲದ ಕೋಣೆಯವರು ಅರ್ಧ ಕಿಲೋ ಮಾತ್ರ ತನ್ನಿ, ಮುಗಿಸಿ ಏಳಿ.

ಹಾಗೆ ಮುಗಿಸುವುದೇನೂ ಕಷ್ಟವಲ್ಲ. ತುಂಡುಗಳು ಮೊದಲು ಖಾಲಿಯಾಗುತ್ತವೆ, ಆಮೇಲೆ ಹಾಳೆಗಳು. ಕೊನೆಗೆ ಪೊಟ್ಟಣದ ತಳದಲ್ಲಿ ಒಂದು ಹಿಡಿಯಷ್ಟು ರೊಟ್ಟಿ ಪುಡಿ ಉಳಿದಿರುತ್ತದೆ, ಬಸ್ಸಿನಲ್ಲಿ ಯಾರದೋ ಭುಜ ತಗುಲಿ ಆದದ್ದು. ಅದನ್ನು ಬಟ್ಟಲಿಗೆ ಸುರಿದುಕೊಂಡು ಮೇಲೆ ಎರಡು ಸೌಟು ಗಸಿ ಹಾಕಿಸಿಕೊಳ್ಳುವ ಹಕ್ಕು ಮನೆಯ ಕಿರಿಯ ಮಗುವಿನದು. ಹಾಸ್ಟೆಲಿನಿಂದ ಅಣ್ಣ ಬಂದ ವಾರ ಮಾತ್ರ ಅದಕ್ಕೆ ಜಗಳ.