ಧ್ರುವ ಅಗಸ್ತ್ಯರ ನಡುವೆ ಬೀದರ ಸೀಮೆ

ಬೀದರದ ಕೋಟೆಯನ್ನು ನೋಡಲು ಬರುವ ಪ್ರವಾಸಿಗಳ ದೃಷ್ಟಿ ಸಾಮಾನ್ಯವಾಗಿ ನೆಲದ ಮೇಲೆಯೇ ಇರುತ್ತದೆ. ಬಂಡೆಯನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕ, ರಂಗೀನ್ ಮಹಲಿನ ಗೋಡೆಗಳಲ್ಲಿ ಹೊಳೆಯುವ ಮುತ್ತಿನ ಚಿಪ್ಪಿನ ಕುಸುರಿ, ಮಹಮೂದ್ ಗವಾನನ ಮದರಸಾದ ಬಣ್ಣದ ಹಂಚುಗಳು, ಇವಿಷ್ಟನ್ನು ನೋಡಿ, ಪೇಟೆಯಲ್ಲಿ ಬಿದರಿಯ ಒಂದು ಹೂದಾನಿಯನ್ನು ಕೊಂಡು, ಕತ್ತಲಾಗುವ ಮೊದಲೇ ಅವರು ರೈಲನ್ನೋ ಬಸ್ಸನ್ನೋ ಹಿಡಿಯುತ್ತಾರೆ. ಈ ಸೀಮೆಯ ಇನ್ನೊಂದು ಸಂಪತ್ತು ತೆರೆದುಕೊಳ್ಳುವುದು ಅವರು ಹೊರಟುಹೋದ ಮೇಲೆ. ಅದನ್ನು ಕಾಣಲು ಟಿಕೆಟು ಬೇಡ, ಮಾರ್ಗದರ್ಶಿ ಬೇಡ. ಕತ್ತೆತ್ತಿ ನಿಲ್ಲುವ ತಾಳ್ಮೆಯೊಂದಿದ್ದರೆ ಸಾಕು.

ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ ಬೀದರ. ಮಾಗಿಯ ಚಳಿ ಹಿಂದೆಗೆದು, ಬೇಸಗೆಯ ಧೂಳು ಇನ್ನೂ ಏಳದಿರುವ ಫೆಬ್ರವರಿಯ ದಿನಗಳಲ್ಲಿ ಇಲ್ಲಿಯ ಗಾಳಿ ಒಣಗಿ ಶುಭ್ರವಾಗಿರುತ್ತದೆ. ಅಂಥ ಒಂದು ಸಂಜೆ ಊರಿನ ಯಾವುದಾದರೊಂದು ಮನೆಯ ಮಾಳಿಗೆಯನ್ನೇರಿ ಉತ್ತರಕ್ಕೆ ಮುಖ ಮಾಡಿದವನಿಗೆ, ದಿಗಂತದಿಂದ ತುಸುವೇ ಮೇಲೆ, ನಸುಮಂಕಾದ ಒಂಟಿ ನಕ್ಷತ್ರವೊಂದು ಕಾಣುತ್ತದೆ. ಅದೇ ಧ್ರುವ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಬಿಗಿದರೆ, ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಅಂಶ. ಬೀದರದಲ್ಲಿ ಧ್ರುವನು ದಿಗಂತದಿಂದ ಎರಡು ಮುಷ್ಟಿಗಿಂತ ಕೊಂಚ ಕೆಳಗೆ, ಎಂದರೆ ಸುಮಾರು 18 ಅಂಶದ ಎತ್ತರದಲ್ಲಿ ನಿಂತಿರುತ್ತಾನೆ. ಊರಿನ ಅಕ್ಷಾಂಶವೂ ಸುಮಾರು 18! ಧ್ರುವನ ಎತ್ತರವೇ ನಿಂತ ನೆಲದ ಅಕ್ಷಾಂಶವೆಂಬ ಈ ಸಂಗತಿಯನ್ನು ಶಾಲೆಯ ಪುಸ್ತಕದಲ್ಲಿ ಓದಿದವರು ಬಹಳ. ಸ್ವಂತ ಮುಷ್ಟಿಯಿಂದ ಅಳೆದು ತಿಳಿದವರು ಕೆಲವರೇ. ಹವ್ಯಾಸಿ ಖಗೋಳ ವೀಕ್ಷಕನೆಂದರೆ ಇನ್ನೇನಲ್ಲ, ಆ ಕೆಲವರಲ್ಲಿ ಒಬ್ಬ.

ಮುಗಿಯದೆ ಉಳಿದ ವೇಧಶಾಲೆ

ಈ ಹವ್ಯಾಸ ಬೀದರ ಸೀಮೆಗೆ ಹೊಸದಲ್ಲ. ಬಹಮನಿ ರಾಜ್ಯದ ರಾಜಧಾನಿ ಇನ್ನೂ ಕಲಬುರಗಿಯಲ್ಲಿದ್ದಾಗ, 1397ರಿಂದ 1422ರವರೆಗೆ ಆಳಿದ ಫಿರೋಜ ಶಹನಿಗೆ ಗಣಿತ, ಖಗೋಳಗಳಲ್ಲಿ ಅಪಾರ ಆಸಕ್ತಿ. ರಾಜಕಾರ್ಯಗಳ ನಡುವೆ ಬಿಡುವು ಮಾಡಿಕೊಂಡು ಅವನು ತಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದನೆಂದು, ವಿಜಾಪುರದ ಆಸ್ಥಾನದಲ್ಲಿದ್ದು ದಖ್ಖನಿನ ಚರಿತ್ರೆಯನ್ನು ಬರೆದ ಫಿರಿಶ್ತಾ ತಿಳಿಸುತ್ತಾನೆ. 1407ರಲ್ಲಿ ಫಿರೋಜನು ದೌಲತಾಬಾದಿನ ಬಳಿಯ ಘಟ್ಟದ ಮೇಲೆ ವೇಧಶಾಲೆಯೊಂದನ್ನು ಕಟ್ಟಿಸಲು ಆರಂಭಿಸಿದನು. ಉಲೂಗ್ ಬೇಗನು ಸಮರಖಂಡದಲ್ಲಿ ತನ್ನ ಪ್ರಖ್ಯಾತ ವೇಧಶಾಲೆಯನ್ನು ಕಟ್ಟಿಸುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತಿದು. ಆದರೆ ಕೆಲಸದ ಭಾರ ಹೊತ್ತಿದ್ದ ಪಂಡಿತ ಹಕೀಮ್ ಹಸನ್ ಗಿಲಾನಿ ನಡುವೆಯೇ ತೀರಿಕೊಂಡನು. ಅವನೊಡನೆ ವೇಧಶಾಲೆಯೂ ನಿಂತಿತು.

ಫಿರೋಜನ ತಮ್ಮ ಅಹಮದ ಶಹನು ರಾಜಧಾನಿಯನ್ನು ಬೀದರಕ್ಕೆ ತಂದನು. ಅವನು ಕಟ್ಟಿಸಿದ ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ ಹುಲಿಯ ಬೆನ್ನ ಮೇಲೆ ಉದಯಿಸುವ ಸೂರ್ಯನ ಚಿತ್ರವಿದೆ. ಕೋಟೆಯೊಳಗಿನ ಮತ್ತೊಂದು ಅರಮನೆಯ ಹೆಸರೇ ಗಗನ ಮಹಲು. 1472ರಲ್ಲಿ ಮಂತ್ರಿ ಮಹಮೂದ್ ಗವಾನನು ಮದರಸಾವನ್ನು ಕಟ್ಟಿಸಿದಾಗ ದೂರದ ದೇಶಗಳಿಂದ ವಿದ್ವಾಂಸರು ಇಲ್ಲಿಗೆ ಬಂದರು. ಗವಾನನೂ ಹಕೀಮ್ ಹಸನನಂತೆ ಇರಾನಿನ ಗಿಲಾನ್ ಪ್ರಾಂತದವನೇ. ಅರಮನೆಗಳ ಮೇಲೆ ಸೂರ್ಯನಿದ್ದಾನೆ, ಹೆಸರಿನಲ್ಲಿ ಗಗನವಿದೆ. ಆದರೆ ಅಂದಿನ ನಕ್ಷತ್ರ ವೀಕ್ಷಣೆಯ ಒಂದು ಯಂತ್ರವಾಗಲಿ, ಒಂದು ಅಟ್ಟಣೆಯಾಗಲಿ ಪ್ರವಾಸಿಗೆ ಇಲ್ಲಿ ಕಾಣಸಿಗದು. ಒಬ್ಬನನ್ನೇ ನೆಚ್ಚಿದ ವಿದ್ಯೆ ಅವನ ಆಯುಷ್ಯದಷ್ಟೇ ಬಾಳುತ್ತದೆ ಎಂಬುದಕ್ಕೆ ಘಟ್ಟದ ಮೇಲೆ ಅರ್ಧಕ್ಕೆ ನಿಂತ ಆ ವೇಧಶಾಲೆಗಿಂತ ಬೇರೆ ನಿದರ್ಶನ ಬೇಕೆ?

ಜಾಫರ್ ಜಂಗನ ದುರ್ಬೀನು

ಅದಾಗಿ ಸುಮಾರು ಐದು ಶತಮಾನಗಳ ಬಳಿಕ ಅದೇ ಕಥೆ ಮರುಕಳಿಸುವುದರಲ್ಲಿತ್ತು. ಬೀದರ, ಭಾಲ್ಕಿ, ಔರಾದಗಳು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅವು ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆ ಸಂಸ್ಥಾನದ ಪಾಯಗಾ ಮನೆತನದ ನವಾಬ ಜಾಫರ್ ಜಂಗನಿಗೆ ನಕ್ಷತ್ರಗಳ ಗೀಳು. ವೃತ್ತಿಯಿಂದ ಅವನು ಖಗೋಳಶಾಸ್ತ್ರಜ್ಞನಲ್ಲ, ಅಪ್ಪಟ ಹವ್ಯಾಸಿ. ಬೇಟೆಗೂ ಮೇಜವಾನಿಗೂ ಖರ್ಚಾಗಬಹುದಾಗಿದ್ದ ಹಣದಿಂದ ಅವನು 15 ಅಂಗುಲದ ಗ್ರಬ್ ದೂರದರ್ಶಕವನ್ನು ತರಿಸಿ, 1901ರಲ್ಲಿ ಹೈದರಾಬಾದಿನಲ್ಲಿ ವೇಧಶಾಲೆಯನ್ನು ಸ್ಥಾಪಿಸಿದನು. ನಿಜಾಮನ ಅಪ್ಪಣೆ ಪಡೆದು ಅದಕ್ಕೆ ನಿಜಾಮಿಯಾ ಎಂದು ಹೆಸರಿಟ್ಟನು. 1907ರಲ್ಲಿ ನವಾಬನು ಕಾಲವಾದನು. ಕೊಂಡು ತಂದ ದೊಡ್ಡ ದುರ್ಬೀನಿನ ಪೂರ್ಣ ಪ್ರಯೋಜನವನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಆದರೆ ಈ ಬಾರಿ ದೀಪ ಆರಲಿಲ್ಲ. 1908ರಲ್ಲಿ ಸಂಸ್ಥಾನವೇ ವೇಧಶಾಲೆಯನ್ನು ವಹಿಸಿಕೊಂಡಿತು; ಮುಂದೆ ಅದು ಉಸ್ಮಾನಿಯಾ ವಿಶ್ವವಿದ್ಯಾಲಯದ ಕೈಸೇರಿತು. ಇಡೀ ಆಕಾಶದ ನಕ್ಷೆಯನ್ನು ಛಾಯಾಚಿತ್ರಗಳಿಂದ ರಚಿಸಲು ಲೋಕದ ಹಲವು ವೇಧಶಾಲೆಗಳು ಒಂದಾಗಿ ಕೈಗೊಂಡಿದ್ದ ಮಹಾಕಾರ್ಯದಲ್ಲಿ ಹೈದರಾಬಾದೂ ಪಾಲುಗೊಂಡು, ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನಗಳನ್ನು ಅಳೆದು ಪಟ್ಟಿ ಮಾಡಿತು. ಆ ವೇಧಶಾಲೆಯ ಸಹಾಯಕರೊಬ್ಬರ ಮಗ ಚಿಕ್ಕಂದಿನಿಂದಲೇ ಅಲ್ಲಿಯ ದೂರದರ್ಶಕಗಳ ನಡುವೆ ಬೆಳೆದನು. ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ಬೆಳಕು ಹೆಚ್ಚು ಕಡಮೆಯಾಗುವ ನಕ್ಷತ್ರಗಳನ್ನು ಗಮನಿಸಿ ಬರೆದಿಡತೊಡಗಿದನು. 1949ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿದ್ದಾಗ ಆತ ಕಂಡುಹಿಡಿದ ಧೂಮಕೇತುವಿಗೆ ಅವನ ಹೆಸರೂ ಸೇರಿತು. ಆ ಹುಡುಗನೇ ಮುಂದೆ ಕಾವಲೂರಿನ ವೇಧಶಾಲೆಯನ್ನು ಕಟ್ಟಿದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ರೂಪುಕೊಟ್ಟ ವೇಣು ಬಾಪ್ಪು. ಶ್ರೀಮಂತನೊಬ್ಬನ ಹವ್ಯಾಸ ಸಂಸ್ಥೆಯಾಯಿತು, ಸಂಸ್ಥೆ ಒಬ್ಬ ಹುಡುಗನ ಕಣ್ಣು ತೆರೆಸಿತು. ಫಿರೋಜನಿಗೆ ದೊರೆಯದೆ ಹೋದ ಉತ್ತರಾಧಿಕಾರಿಗಳು ಜಾಫರ್ ಜಂಗನಿಗೆ ದೊರೆತರು. ಎರಡು ಕಥೆಗಳ ವ್ಯತ್ಯಾಸವೆಲ್ಲ ಇಷ್ಟೇ.

ಭಾಲ್ಕಿಯ ಹೊಲದಲ್ಲಿ

ಬೀದರದಿಂದ ವಾಯವ್ಯಕ್ಕೆ ಹೊರಟ ರೈಲು ಭಾಲ್ಕಿಯನ್ನು ತಲುಪುವಷ್ಟರಲ್ಲಿ ಕೆಂಪು ನೆಲ ಹಿಂದೆ ಸರಿದು ಎರೆಯ ಹೊಲಗಳು ಎದುರಾಗುತ್ತವೆ. ಕೈಯಿಂದ ಕೈಗೆ ವಿದ್ಯೆಯನ್ನು ದಾಟಿಸುವ ಕೆಲಸವನ್ನು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರನ್ನು ಇಲ್ಲಿಯ ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ.

ನಕ್ಷತ್ರಗಳ ಹೆಸರುಗಳೂ ಈ ಸೀಮೆಯ ಒಕ್ಕಲಿಗನಿಗೆ ಅಪರಿಚಿತವಲ್ಲ. ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರೆ, ಹಸ್ತ ಎಂದು ಅವನ ವರ್ಷವೆಲ್ಲ ನಕ್ಷತ್ರಗಳ ಲೆಕ್ಕದಲ್ಲಿಯೇ ಸಾಗುತ್ತದೆ. ಮಿರಗ ಹೂಡಿತೆಂದರೆ ಬಿತ್ತನೆಯ ಸಡಗರ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರವನ್ನು ಹುಡುಕಹೊರಟವನಿಗೆ ಅದು ಸಿಕ್ಕುವುದಿಲ್ಲ. ಮೋಡಗಳ ತಪ್ಪಲ್ಲ ಅದು. ಆಗ ಸೂರ್ಯನು ರೋಹಿಣಿಯ ನೆರೆಯಲ್ಲೇ ಇರುವುದರಿಂದ ಅದು ಹಗಲಿನಲ್ಲಿ ಅವನೊಡನೆ ಮೂಡಿ ಅವನೊಡನೆ ಮುಳುಗುತ್ತದೆ. ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ಕಣ್ಣಾರೆ ಕಾಣಬೇಕಾದರೆ ಆರು ತಿಂಗಳು ಕಾದು ಚಳಿಗಾಲಕ್ಕೆ ಬರಬೇಕು.

ಅದಕ್ಕೆ ಇಲ್ಲಿಯವರ ಹಬ್ಬವೇ ಒಂದು ಸುಮುಹೂರ್ತವನ್ನು ಒದಗಿಸಿದೆ. ಎಳ್ಳಮಾವಾಸ್ಯೆಯ ದಿನ ಬೀದರ ಸೀಮೆಯ ಮನೆಮನೆಯವರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಹಲವು ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ. ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಬಳಗ ಒಟ್ಟಿಗೆ ಕುಳಿತು ಉಂಡು, ಇಳಿಹೊತ್ತಿಗೆ ಮನೆಗೆ ಹಿಂದಿರುಗುವುದು ವಾಡಿಕೆ. ಇನ್ನೊಂದು ಎರಡು ತಾಸು ಅಲ್ಲಿಯೇ ನಿಂತರೆ? ಚಂದ್ರನಿಲ್ಲದ ರಾತ್ರಿ, ಡಿಸೆಂಬರ್ ಜನವರಿಯ ನಿರ್ಮಲ ಆಕಾಶ. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು, ಅದರ ಹಿಂದೆಯೇ ಕೆಂಪು ಛಾಯೆಯ ರೋಹಿಣಿ, ಪೂರ್ವದಲ್ಲಿ ಮೂರು ನಕ್ಷತ್ರಗಳ ನಡುಪಟ್ಟಿಯನ್ನು ಬಿಗಿದ ಮಹಾವ್ಯಾಧ. ಬರಿಗಣ್ಣಿಗೆ ಆರೋ ಏಳೋ ಆಗಿ ಕಾಣುವ ಕೃತ್ತಿಕೆಯರು ಸಾಧಾರಣ ದುರ್ಬೀನಿನಲ್ಲಿ ಹತ್ತಾರಾಗುತ್ತಾರೆ. ಪಶ್ಚಿಮದ ಕಡೆ ದೇವಯಾನಿಯಲ್ಲಿ ಕಾಣುವ ಮಸುಕಾದ ಬೆಳಕಿನ ಚುಕ್ಕೆ ನಕ್ಷತ್ರವೇ ಅಲ್ಲ. ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಇನ್ನೊಂದು ನಕ್ಷತ್ರಲೋಕ. ಅಜ್ಜಿಗೆ ಹೆಸರುಗಳು ಗೊತ್ತು, ಶಾಲೆಗೆ ಹೋಗುವ ಮೊಮ್ಮಗಳಿಗೆ ದೂರಗಳು ಗೊತ್ತು. ಇಬ್ಬರೂ ಒಂದೇ ಬದುವಿನ ಮೇಲೆ ಕುಳಿತರೆ ವೀಕ್ಷಕರ ಸಂಘವೊಂದು ಅಲ್ಲಿಯೇ ಹುಟ್ಟಿದಂತೆ.

ದೊಡ್ಡ ಊರುಗಳ ಸಂಘಗಳು ಹುಟ್ಟಿದ್ದೂ ಹೆಚ್ಚು ಕಡಮೆ ಹೀಗೆಯೇ. ಬೆಂಗಳೂರಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ 1976ರಲ್ಲಿ ಆರಂಭವಾಯಿತು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಸಂಘ ಕರಾವಳಿಯ ಅನೇಕರಿಗೆ ಗ್ರಹಣಗಳನ್ನೂ ಗ್ರಹಗಳನ್ನೂ ತೋರಿಸಿದೆ. ಜಿ. ಟಿ. ನಾರಾಯಣ ರಾವ್ ಅವರಂಥವರು ಆಕಾಶವನ್ನು ಕನ್ನಡದಲ್ಲಿಯೇ ಓದಲು ಕಲಿಸಿದರು. ಒಂದು ದುರ್ಬೀನಿನ ಸುತ್ತ ಹತ್ತು ಜನ ಸರದಿಯಲ್ಲಿ ನಿಂತು, ಶನಿಯ ಬಳೆಯನ್ನು ಮೊದಲ ಸಲ ಕಂಡವನು ‘ಅಯ್ಯೋ!’ ಎಂದು ಉದ್ಗರಿಸಿದಾಗ ಉಳಿದ ಒಂಬತ್ತು ಜನ ನಗುವುದು, ಈ ಬಳಗಗಳಲ್ಲೆಲ್ಲ ಕಾಣಸಿಗುವ ಸುಖ.

ಔರಾದದ ಶಿವರಾತ್ರಿ

ಬೀದರದಿಂದ ಉತ್ತರಕ್ಕೆ, ಮಾಂಜ್ರಾ ನದಿಯಾಚೆ, ಕರ್ನಾಟಕದ ತುತ್ತತುದಿಯ ತಾಲ್ಲೂಕು ಔರಾದ. ರೈಲು ಇಲ್ಲಿಗೆ ಬರುವುದಿಲ್ಲ. ಅಮರೇಶ್ವರನ ಈ ಊರಿನಿಂದ ಹೊರಬಿದ್ದರೆ ತೊಗರಿ, ಜೋಳಗಳ ಹೊಲಗಳು. ಅವುಗಳ ಮೇಲೆ ಬೀದರದ ಮಾಳಿಗೆಯಿಂದ ಕಂಡದ್ದಕ್ಕಿಂತ ಬಹು ದಟ್ಟವಾದ ಆಕಾಶ.

ಮಹಾಶಿವರಾತ್ರಿಯ ಜಾಗರಣೆ ಬೀಳುವುದು ಮಾಘ ಬಹುಳ ಚತುರ್ದಶಿಯಂದು. ಆ ರಾತ್ರಿ ಚಂದ್ರನು ಬೆಳಗಿನ ಜಾವದವರೆಗೆ ಮೂಡುವುದಿಲ್ಲ. ಜನರೋ ಹೇಗೂ ಎಚ್ಚರವಾಗಿಯೇ ಇರುತ್ತಾರೆ. ಫೆಬ್ರವರಿಯ ಕೊನೆಯ ವಾರದಲ್ಲಿ ರಾತ್ರಿ ಎಂಟೂವರೆಯ ಹೊತ್ತಿಗೆ ದಕ್ಷಿಣಕ್ಕೆ ತಿರುಗಿದರೆ, ಆಕಾಶದ ಅತ್ಯಂತ ಉಜ್ಜ್ವಲ ನಕ್ಷತ್ರವಾದ ಲುಬ್ಧಕ ಎತ್ತರದಲ್ಲಿ ಝಗಝಗಿಸುತ್ತದೆ. ಅದರ ಕೆಳಗೆ, ದಿಗಂತದ ಕಡೆಗೆ, ಬೆಳಕಿನಲ್ಲಿ ಎರಡನೆಯದಾದ ಅಗಸ್ತ್ಯ, ಅರಬರ ಸುಹೇಲ್. ಅದರ ಎತ್ತರವನ್ನು ಮುಷ್ಟಿಯಿಂದ ಅಳೆದರೆ ಎರಡಕ್ಕಿಂತ ಕೊಂಚ ಕಡಮೆ. ಅಲ್ಲಿಯೇ ಹಿಂದಿರುಗಿ ಉತ್ತರದ ಧ್ರುವನನ್ನು ಅಳೆದರೆ, ಅದೂ ಎರಡಕ್ಕಿಂತ ಕೊಂಚ ಕಡಮೆ!

ಇದು ಎಲ್ಲ ಊರುಗಳಿಗೂ ದೊರೆಯುವ ನೋಟವಲ್ಲ. ಬೆಂಗಳೂರಿನಲ್ಲಿ ಧ್ರುವನು 13 ಅಂಶಕ್ಕಿಳಿದಿರುತ್ತಾನೆ, ಅಗಸ್ತ್ಯ 24 ಅಂಶಕ್ಕೇರಿರುತ್ತಾನೆ. ದಿಲ್ಲಿಯಲ್ಲಿ ಧ್ರುವ ಸುಮಾರು 29 ಅಂಶದಷ್ಟು ಮೇಲೆ, ಅಗಸ್ತ್ಯ 9 ಅಂಶದಷ್ಟು ಮಾತ್ರ. ಉತ್ತರಕ್ಕೆ ನಡೆದಂತೆ ಒಬ್ಬನು ಏರುತ್ತಾನೆ, ಇನ್ನೊಬ್ಬನು ಇಳಿಯುತ್ತಾನೆ. ನಡೆಯುವ ನೆಲ ಗುಂಡಾಗಿರುವುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷ್ಯ ಬೇಡ. ಇಬ್ಬರೂ ಸರಿಸಮನಾಗುವ ಗೆರೆ ಔರಾದದ ಆಸುಪಾಸಿನಲ್ಲಿಯೇ ಹಾದುಹೋಗುತ್ತದೆ. ಬೀದರದಲ್ಲಿ ಅವರ ನಡುವೆ ಸುಮಾರು ಒಂದು ಅಂಶದ ಅಂತರ. ಔರಾದದಲ್ಲಿ ಅದು ಇನ್ನೂ ಕಡಮೆ, ಮುಷ್ಟಿಯ ಅಳತೆಗೆ ಸಿಲುಕದಷ್ಟು. ಉತ್ತರದ ಬಾಲಕನೂ ದಕ್ಷಿಣದ ಮುನಿಯೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮತೂಗಿ ನಿಂತಿರುವಾಗ, ನಡುವಿನ ಮುಳ್ಳಿನಂತೆ ನಿಲ್ಲುವವನು ನೋಡುವವನು.

ಅಗಸ್ತ್ಯನ ಬೆಳಕು ಇಲ್ಲಿಗೆ ಬರಲು ಸುಮಾರು 310 ವರ್ಷ ಬೇಕು. ಇಂದು ಔರಾದದ ಹೊಲದಲ್ಲಿ ನಿಂತವನ ಕಣ್ಣಿಗೆ ಬೀಳುವ ಕಿರಣ ಹೊರಟಾಗ ಹೈದರಾಬಾದಿನಲ್ಲಿ ನಿಜಾಮರ ಆಳ್ವಿಕೆ ಇನ್ನೂ ಆರಂಭವಾಗಿರಲಿಲ್ಲ. ಧ್ರುವನ ಕಿರಣ ಅದಕ್ಕಿಂತ ಹಳೆಯದು; ಅದು ಹೊರಟಾಗ ಬೀದರವನ್ನು ಬರೀದಶಾಹಿಗಳು ಆಳುತ್ತಿದ್ದರು. ಅಷ್ಟು ದೂರ ನಡೆದು ಬಂದ ಬೆಳಕು ಕೊನೆಯ ಗಳಿಗೆಯಲ್ಲಿ ಸೋಲುವುದು ಬೀದಿಯ ದೀಪದ ಮುಂದೆ. ದಿಗಂತಕ್ಕೆ ಎರಡೇ ಮುಷ್ಟಿ ಮೇಲಿರುವ ಈ ಇಬ್ಬರನ್ನೂ ಊರಿನ ಪ್ರಭೆ ಮೊದಲು ನುಂಗುತ್ತದೆ. ನಸುಮಂಕಾದ ಧ್ರುವನಂತೂ ಮೊದಲ ತುತ್ತು. ಊರಿಗೆ ದೀಪ ಬೇಡವೆನ್ನುವವರಾರು? ಬೆಳಕು ಬೀಳಬೇಕಾದದ್ದು ದಾರಿಯ ಮೇಲೆ, ಆಕಾಶದ ಮೇಲಲ್ಲ. ದೀಪಕ್ಕೊಂದು ಮುಚ್ಚಳವಿಟ್ಟು ಅದನ್ನು ಕೆಳಮುಖ ಮಾಡಿದರೆ ದಾರಿಗೂ ಲಾಭ, ನಕ್ಷತ್ರಗಳಿಗೂ ಕ್ಷೇಮ.

ಫಿರೋಜನ ವೇಧಶಾಲೆ ನಿಂತುಹೋದದ್ದು ಹಣದ ಕೊರತೆಯಿಂದಲ್ಲ. ಬಲ್ಲವನೊಬ್ಬನು ಹೋದ ಮೇಲೆ ಆ ಕೆಲಸವನ್ನು ಮುಂದುವರಿಸುವ ಇನ್ನೊಬ್ಬನಿಲ್ಲದ್ದರಿಂದ. ಔರಾದದ ಜಾಗರಣೆಯ ರಾತ್ರಿ, ಭಜನೆಯ ನಡುವಣ ಬಿಡುವಿನಲ್ಲಿ, ತಂದೆಯೊಬ್ಬನು ಮಗುವನ್ನು ಹೊರಗೆ ಕರೆತಂದು ಅದರ ಪುಟ್ಟ ಮುಷ್ಟಿಯನ್ನು ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಹಿಡಿಸಿದರೆ, ಆ ಕೊರತೆ ಅಷ್ಟರಮಟ್ಟಿಗೆ ತುಂಬಿದಂತೆ. ಮಗುವಿನ ಮುಷ್ಟಿ ಚಿಕ್ಕದು, ನಿಜ. ಆದರೆ ಅದರ ತೋಳೂ ಅಷ್ಟೇ ಗಿಡ್ಡ. ಆದ್ದರಿಂದ ಅದರ ಲೆಕ್ಕವೂ ಹೆಚ್ಚು ಕಡಮೆ ಎರಡೇ ಬರುತ್ತದೆ.