ಗಾವ್ಠಿ ಮರಿ

ಡೊಂಬಿವಲಿಯ ನಮ್ಮ ಕಟ್ಟಡದ ಒಂದೇ ಮಹಡಿಯಲ್ಲಿ ಮೂರು ಕನ್ನಡ ಉಂಟು. ಮಂಡ್ಯದವರು ನಾಟಿ ಕೋಳಿ ಅನ್ನುತ್ತಾರೆ, ವಿಜಯಪುರದವರಿಗೆ ಅದು ಜವಾರಿ ಕೋಳಿ, ಉಡುಪಿ ಕಡೆಯ ನಮಗೆ ಊರ ಕೋಳಿ. ಮಾರ್ಕೆಟಿಗೆ ಇಳಿದರೆ ಮೂವರಿಗೂ ಒಂದೇ ಶಬ್ದ, ಗಾವ್ಠಿ. ನಾವು ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ ಇಲ್ಲಿಯವರಿಗೆ ಹೆಚ್ಚಾಗಿ ‘ಗಟಾರಿ’, ಶ್ರಾವಣ ಹಿಡಿಯುವ ಮೊದಲು ಕೋಳಿ ತಿಂದು ಮುಗಿಸುವ ದಿನ. ಆಗ ಥಾಣೆಯಿಂದ ಕಲ್ಯಾಣದ ತನಕ ಬಣ್ಣದ ಪುಕ್ಕ ಇದ್ದದ್ದೆಲ್ಲ ಗಾವ್ಠಿಯೇ. ತಿನ್ನುವವನಿಗೆ ಮೋಸವಾದರೆ ಒಂದು ಹೊತ್ತಿನ ಸಾರು ಕೆಟ್ಟಿತು, ಅಷ್ಟೆ. ಮರಿ ಕೊಂಡು ಸಾಕುವವರ ಕಥೆ ಬೇರೆ.

ನನ್ನ ಚಿಕ್ಕಪ್ಪ ಮೂವತ್ತು ವರ್ಷ ಕ್ಯಾಂಟೀನಿನಲ್ಲಿ ದುಡಿದರು. ಕೆಲಸ ಬಿಟ್ಟ ಮೇಲೆ ಚಿಕ್ಕಮ್ಮನೂ ಅವರೂ ಟಿಟ್ವಾಲಾದ ಆಚೆ ಒಂದು ಸಣ್ಣ ಜಾಗದಲ್ಲಿ ಶೀಟಿನ ಮನೆ ಮಾಡಿಕೊಂಡರು. ಊರಿಗೆ ಹೋಗೋಣವೆಂದರೆ ಅಲ್ಲಿ ಪಾಲು ಆಗಿ ಹೋಗಿತ್ತು. ಕೋಳಿ ಸಾಕಿ ಮೊಟ್ಟೆ ಮಾರಬೇಕೆಂದು ಚಿಕ್ಕಮ್ಮ 6,000 ರೂಪಾಯಿ ಕೂಡಿಟ್ಟಿದ್ದರು. ಅದರ ಹಿಂದೆ ಬೇರೆ ದುಡ್ಡು ಇರಲಿಲ್ಲ.

ಕಲ್ಯಾಣದಲ್ಲಿ ಒಬ್ಬ ವ್ಯಾಪಾರಿ ನೂರು ‘ಅಸಲಿ ಗಾವ್ಠಿ’ ಮರಿ ಕೊಡುತ್ತೇನೆ ಅಂದಿದ್ದ. ಚೌಕಾಸಿಯ ಮರಾಠಿಗೆ ನಾನು ಜೊತೆ ಹೋದೆ. ಪೆಟ್ಟಿಗೆಯಲ್ಲಿ ಕಂದು, ಬೂದು, ಬೆನ್ನಿಗೆ ಗೆರೆಯಿರುವ ಮರಿಗಳು. ಬಣ್ಣ ನೋಡಿದರೆ ನಮ್ಮ ಹಟ್ಟಿಯವೇ ಅನ್ನಬೇಕು. ಚಿಕ್ಕಮ್ಮ ಬಣ್ಣ ನೋಡಲೇ ಇಲ್ಲ. ಬಣ್ಣವನ್ನು ನಂಬುವವರು ಸ್ಟೇಷನ್ ಹೊರಗೆ ಮಾರುವ ಗುಲಾಬಿ, ಹಸಿರು ಮರಿಗಳನ್ನು ನೆನೆಯಬೇಕು. ಮೊಟ್ಟೆ ಕೋಳಿ ಹ್ಯಾಚರಿಗೆ ಬೇಡವಾದ ಗಂಡು ಮರಿಗಳಿಗೆ ಬಣ್ಣ ಅದ್ದಿ ಮಾರುವುದು ಅದು.

ಚಿಕ್ಕಮ್ಮ ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿದರು. “ಇದರ ಕಾಲು ನೋಡು ಮಗಾ, ಎಷ್ಟು ದಪ್ಪ! ಊರ ಕೋಳಿ ಮರಿಯದ್ದು ಕಡ್ಡಿ ಹಾಗೆ ಇರ್ತದೆ.” ಊರ ಕೋಳಿಯ ಮೊಟ್ಟೆಯೇ ಸಣ್ಣದು, ಹಾಗಾಗಿ ಮರಿಯೂ ಸಣ್ಣದು. ಒಂದು ದಿನದ ಮರಿ ಸಾಧಾರಣ 25ರಿಂದ 30 ಗ್ರಾಂ. ಇದು ಕೈಗೇ ಭಾರ. ಮತ್ತೆ ಹೇಳಿದರು, “ಇವುಗಳ ತಾಯಿ ಎಲ್ಲುಂಟು ಅಂತ ಕೇಳು.” ಕೇಳಿದೆ. “ಗಾವಾಲಾ ಆಹೇ,” ಊರಲ್ಲಿವೆ, ಅಂದ. “ನೂರು ಮರಿಯ ತಾಯಂದಿರು ಎಲ್ಲ ಒಂದೇ ದಿವಸ ಕಾವಿನಿಂದ ಎದ್ದರಂತಾ?” ಇದನ್ನು ನಾನು ಮರಾಠಿಗೆ ಹಾಕಲಿಲ್ಲ.

ಅಂಥ ಮರಿಗಳು ಕೆಟ್ಟವು ಅಂತ ಅಲ್ಲ. ಗಿರಿರಾಜ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 1989ರಲ್ಲಿ ಬಿಡುಗಡೆ ಮಾಡಿದ್ದು. ವನರಾಜ ಹೈದರಾಬಾದಿನದು. ಎರಡೂ ಹಿತ್ತಲಿಗೆಂದೇ ಮಾಡಿದವು, ಪುಕ್ಕವೂ ಊರ ಕೋಳಿಯ ಹಾಗೆ ಬಣ್ಣಬಣ್ಣ. ಊರ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇವು ಅದರ ಇಮ್ಮಡಿ ಇಡುತ್ತವೆ. ಆದರೆ ಕಾವು ಕೂರುವುದು ಅಪರೂಪ, ಮತ್ತು ಇವುಗಳ ಮರಿಗೆ ತಾಯಿಯ ಇಳುವರಿ ಬರುವ ಖಾತ್ರಿ ಇಲ್ಲ. ಪ್ರತಿ ಸಲ ಹೊಸ ಮರಿಗೆ ದುಡ್ಡು ಬೇಕು. ಹೆಸರು ಹೇಳಿ ಮಾರಿದರೆ ತಕರಾರಿಲ್ಲ. ಗಾವ್ಠಿ ಅಂತ ಮಾರಿದರೆ ಚಿಕ್ಕಮ್ಮನಂಥವರ ಗಂಟು ಒಂದೇ ಸುತ್ತಿಗೆ ಮುಗಿಯುತ್ತದೆ.

ವ್ಯಾಪಾರಿ ಬಿಡಲಿಲ್ಲ. ಕಪ್ಪು ಮರಿಗಳನ್ನು ತಂದು ಕಡಕ್‌ನಾಥ್ ಅಂದ, ಬೆಲೆ ಮೂರು ಪಟ್ಟು. ಬಾಯಿ ಬಿಡಿಸಿ ಕಪ್ಪು ನಾಲಗೆಯನ್ನೂ ತೋರಿಸಿದ. ಮಧ್ಯಪ್ರದೇಶದ ಝಾಬುವಾದ ಈ ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತಮಾಷೆ ಏನೆಂದರೆ, ಚರ್ಮ ಮಾಂಸ ಕಪ್ಪಾಗಿಸುವ ಗುಣ ಬಲವಾದದ್ದು. ಕಡಕ್‌ನಾಥ್ ಹುಂಜ ಸಾಧಾರಣ ಹೇಂಟೆಗೆ ಕೂಡಿದರೂ ಮರಿಗಳಲ್ಲಿ ಆ ಕಪ್ಪು ಇಳಿಯುತ್ತದೆ. ನಾಲಗೆ ಕೆಂಪು, ಕಾಲು ಹಳದಿ ಇದ್ದರೆ ಶುದ್ಧ ಅಲ್ಲ ಅನ್ನಬಹುದು. ಕಪ್ಪು ಇದ್ದ ಮಾತ್ರಕ್ಕೆ ಶುದ್ಧ ಅನ್ನಲಿಕ್ಕಾಗದು. ಅಪ್ಪ ಅಮ್ಮನನ್ನು ನೋಡದೆ ಅಲ್ಲಿ ದುಡ್ಡು ಹಾಕಬಾರದು. ಇದರ ಮೊಟ್ಟೆಯೂ ಕಪ್ಪು ಅನ್ನುವವನ ಹತ್ತಿರವಂತೂ ನಿಲ್ಲಲೇಬಾರದು, ಅದು ತಿಳಿ ಕಂದು.

ನಿಜ ಹೇಳಬೇಕೆಂದರೆ ನಮ್ಮ ಊರ ಕೋಳಿ ಕಡಕ್‌ನಾಥಿನ ಹಾಗೆ ಒಂದು ಗೊತ್ತಾದ ತಳಿಯೇ ಅಲ್ಲ. ನಾಲ್ಕು ಮನೆಯ ಹುಂಜಗಳು ಸೇರಿ ಆದದ್ದು. ಚಿಕ್ಕಮ್ಮನಿಗೆ ಅದು ಗೊತ್ತು. ಅವರಿಗೆ ಬೇಕಾದದ್ದು ತಾನೇ ಕೆದಕಿ ತಿನ್ನುವ, ಹದ್ದು ಬಂದರೆ ಮರಿಯನ್ನು ರೆಕ್ಕೆಯಡಿ ಎಳೆದುಕೊಳ್ಳುವ ಹೇಂಟೆ. ಅದು ಪೆಟ್ಟಿಗೆಯ ಮರಿಯಲ್ಲಿ ಕಾಣುವುದಿಲ್ಲ, ತಾಯಿಯಲ್ಲಿ ಕಾಣುತ್ತದೆ.

ನಾವು ಬರಿಗೈಯಲ್ಲಿ ರೈಲು ಹತ್ತಿದೆವು. ಮರುವಾರ ಅವರ ಹತ್ತಿರದ ಆಗ್ರಿ ಮನೆಯೊಂದರಿಂದ ಎರಡು ಹೇಂಟೆ, ಒಂದು ಹುಂಜ ತಂದರು. ಒಂದು ಹೇಂಟೆ ಆಗಲೇ ಕಾವಿಗೆ ಬಂದಿತ್ತು. ಅದರಡಿ ಇಡಲು ಹನ್ನೊಂದು ಮೊಟ್ಟೆಯನ್ನೂ ಆ ಮನೆಯ ಅಜ್ಜಿ ಕೊಟ್ಟರು. ಉಳಿದ ದುಡ್ಡಿನಲ್ಲಿ ಬಲೆ, ರಾಣಿಖೇತ್ ರೋಗದ ಲಸಿಕೆ. ಇಪ್ಪತ್ತೊಂದನೆಯ ದಿನ ಫೋನು ಬಂತು. ಎಂಟು ಮರಿ, ಒಂದರ ಬಣ್ಣ ಒಂದಕ್ಕಿಲ್ಲ. ಪಕ್ಕದ ಬಿಲ್ಡಿಂಗಿನವರು ಬಂದು ನೋಡಿ, ಇವು ನಿಜವಾಗಿ ಗಾವ್ಠಿಯಾ ಅಂತ ಕೇಳಿದರಂತೆ. ಚಿಕ್ಕಮ್ಮ ತಾಯಿಯನ್ನು ತೋರಿಸಿದರಂತೆ.